ಅಡಿಕೆ ಮಂಡಿಯ ಇ-ಮೇಲ್ ಹೊರಗೆ ಹೋಗಲು ಮೂರು ದಾರಿ: ಮೂರರಲ್ಲೂ ಓಡಾಡಿ ಕಂಡಿದ್ದು

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಕಂಪ್ಯೂಟರ್ ಕೆಲಸ ನನ್ನ ತಲೆಗೆ ಬಿದ್ದು ಕೆಲವು ವರ್ಷ ಆಯ್ತು. ಅಡಿಕೆ ಮಾರಾಟವಾದ ದಿನ ಸಂಜೆ ಬೆಳೆಗಾರರಿಗೆ ಪಟ್ಟಿ ಹೋಗಬೇಕು. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು ಚೀಲ, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಯಾವ ದರಕ್ಕೆ ಹೋಯ್ತು, ಹಮಾಲಿ ಕಳೆದು ಕೈಗೆಷ್ಟು ಬಂತು. ಮೊದಲೆಲ್ಲ ಚೀಟಿ ಕೊಟ್ಟರೆ ಮುಗಿಯುತ್ತಿತ್ತು. ಈಗ ತೋಟ ತೀರ್ಥಹಳ್ಳಿ ಕಡೆ ಇದ್ದರೂ ಲೆಕ್ಕ ನೋಡುವ ಮಗಳು ಬೆಂಗಳೂರಿನಲ್ಲಿರುತ್ತಾಳೆ. ಹಾಗಾಗಿ ಪಟ್ಟಿ ಮೇಲ್‌ನಲ್ಲೂ ಹೋಗಬೇಕು. ದಿನಕ್ಕೆ ಇನ್ನೂರು, ಸೀಸನ್ನಿನಲ್ಲಿ ನಾನೂರು ಮೇಲ್. ದೊಡ್ಡ ಸಂಖ್ಯೆ ಏನಲ್ಲ. ಆದರೆ ಒಂದು ತಪ್ಪಿದರೂ ಮರುದಿನ ಬೆಳಿಗ್ಗೆ ಫೋನ್ ಬಂದೇ ಬರುತ್ತದೆ.

ಎರಡು ಮಳೆಗಾಲ, ಒಂದು ಸೀಸನ್ ಕಳೆಯುವಷ್ಟರಲ್ಲಿ ನಾನು ಮೂರು ದಾರಿ ನೋಡಿದೆ. ಒಂದು, ಮಂಡಿಯ ಕಂಪ್ಯೂಟರ್‌ನಿಂದಲೇ ನೇರವಾಗಿ ಕಳಿಸುವುದು. ಎರಡು, ಬಾಡಿಗೆಗೆ ಒಂದು ವಿಪಿಎಸ್, ಅಂದರೆ ಇಂಟರ್ನೆಟ್ಟಿನಲ್ಲಿ ಎಲ್ಲೋ ಇರುವ ಸರ್ವರಿನ ಒಂದು ಪಾಲು, ಹಿಡಿದು ಅದರ ಮೂಲಕ ಕಳಿಸುವುದು. ಮೂರು, ಮೇಲ್ ದಾಟಿಸುವುದನ್ನೇ ವ್ಯಾಪಾರ ಮಾಡಿಕೊಂಡಿರುವ ರಿಲೇ ಕಂಪನಿಗೆ ಒಪ್ಪಿಸುವುದು. ಮೂರಕ್ಕೂ ಈ ಕಡೆಯ ಯಂತ್ರ ಒಂದೇ, ಮಂಡಿಯ ಮೂಲೆಯಲ್ಲಿರುವ ಹಳೆ ಪಿಸಿ, ಅದರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್. ಖರ್ಚು, ವೇಗ ಎಲ್ಲ ಇದ್ದದ್ದೇ. ನಾನು ತೂಗಿದ್ದು ಬೇರೆ ತಕ್ಕಡಿಯಲ್ಲಿ: ಮೇಲ್ ಹೋಗದಿದ್ದಾಗ ಯಾಕೆ ಹೋಗಲಿಲ್ಲ ಅಂತ ನನಗೆ ಗೊತ್ತಾಗುತ್ತಾ? ಯಜಮಾನರು ಎದುರು ನಿಂತು "ಏನ್ ಮಾರಾಯ, ಹೋಯ್ತಾ ಇಲ್ವಾ?" ಅಂದಾಗ ಬಾಯಲ್ಲಿ ಉತ್ತರ ಇರಬೇಕಲ್ವಾ.

ನೇರ ದಾರಿ ಮೊದಲ ದಿನವೇ ಮುಚ್ಚಿತು. ಮೇಲ್ ಕಳಿಸುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್ ಹಾಕಿ, ನನಗೇ ಒಂದು ಮೇಲ್ ಕಳಿಸಿ, ಕಾಫಿ ಕುಡಿದು ಬಂದೆ. ಬಂದಿರಲಿಲ್ಲ. ಹೋಗಲು ಕಾಯುತ್ತಿರುವ ಮೇಲ್‌ಗಳ ಸಾಲನ್ನು, ಅಂದರೆ ಕ್ಯೂವನ್ನು, ತೋರಿಸುವ 'ಮೇಲ್‌ಕ್ಯೂ' ಕಮಾಂಡ್ ಹೊಡೆದರೆ ಮೇಲ್ ಅಲ್ಲೇ ಕೂತಿತ್ತು. ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ನೋಡೋಣ ಅಂದರೆ ಮೇಲ್ ಲಾಗ್ ಫೈಲೇ ಇಲ್ಲ! ಡೆಬಿಯನ್ 12ರಿಂದ ಆ ಫೈಲ್ ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ. ಜರ್ನಲ್‌ಸಿಟಿಎಲ್ ಅನ್ನುವ ಕಮಾಂಡಿನಲ್ಲಿ ಹುಡುಕಬೇಕು, ಇಲ್ಲವೇ ಆರ್‌ಸಿಸ್‌ಲಾಗ್ ನಾವೇ ಹಾಕಿಕೊಳ್ಳಬೇಕು. ಹಳೆ ಕೈ, ಹಾಕಿಕೊಂಡೆ.

ಪೋಸ್ಟ್‌ಫಿಕ್ಸ್ ಲಾಗ್‌ನ ಒಂದೇ ಒಂದು ಸಾಲನ್ನು ನಿಧಾನವಾಗಿ ಓದಿದರೆ ಅರ್ಧ ರೋಗ ಅಲ್ಲೇ ಸಿಕ್ಕಿಬೀಳುತ್ತದೆ. ಸ್ಟೇಟಸ್ 'ಡಿಫರ್ಡ್' (ಮುಂದಕ್ಕೆ ಹಾಕಿದೆ) ಅಂತಿತ್ತು, ಕಾರಣ 'ಕನೆಕ್ಷನ್ ಟೈಮ್ಡ್ ಔಟ್'. ಜಾಸ್ತಿ ಜನ ಇಷ್ಟು ನೋಡಿ ಸುಮ್ಮನಾಗುತ್ತಾರೆ. ಅದರ ಪಕ್ಕದಲ್ಲೇ 'ಡಿಲೇಸ್' ಅಂತ ಓರೆಗೆರೆ ಹಾಕಿದ ನಾಲ್ಕು ಸಂಖ್ಯೆ ಇರುತ್ತವೆ. ಮೊದಲನೆಯದು ಮೇಲ್ ಕ್ಯೂ ಮ್ಯಾನೇಜರ್ ಕೈಗೆ ಬರುವ ತನಕ ಹಿಡಿದ ಹೊತ್ತು. ಎರಡನೆಯದು ಅದರ ಕೈಯಲ್ಲಿ ಕಳೆದದ್ದು. ಮೂರನೆಯದು ಆ ಕಡೆಯ ಸರ್ವರ್ ಜೊತೆ ಸಂಪರ್ಕ ಮಾಡಲು. ನಾಲ್ಕನೆಯದು ಮೇಲ್ ದಾಟಿಸಲು. ನನ್ನ ಸಾಲಿನಲ್ಲಿ ಮೂರನೆಯದು 150 ಇತ್ತು, ಉಳಿದವು ಸೊನ್ನೆಯ ಆಸುಪಾಸು. ಪೋಸ್ಟ್‌ಫಿಕ್ಸ್ ಒಂದು ವಿಳಾಸದ ಬಾಗಿಲಲ್ಲಿ 30 ಸೆಕೆಂಡ್ ಕಾಯುತ್ತದೆ, ಹೆಚ್ಚೆಂದರೆ ಐದು ವಿಳಾಸ ತಟ್ಟುತ್ತದೆ. ಐದನ್ನೂ ತಟ್ಟಿ ಬಂದಿದೆ, ಒಬ್ಬರೂ ಓ ಅಂದಿಲ್ಲ. ಟೆಲ್‌ನೆಟ್ ಕಮಾಂಡಿನಲ್ಲಿ 25ನೇ ಪೋರ್ಟಿಗೆ, ಅಂದರೆ ಸರ್ವರ್‌ಗಳು ಒಂದಕ್ಕೊಂದು ಮೇಲ್ ಕೊಡುವ ಬಾಗಿಲಿಗೆ, ಹೋದರೆ ಕರ್ಸರ್ ಮಿನುಗುತ್ತಾ ನಿಂತಿತು. ಅದೇ ಸೇವೆಯ 587ಕ್ಕೆ, ಅಂದರೆ ಲಾಗಿನ್ ಆಗಿ ಮೇಲ್ ಒಪ್ಪಿಸುವ ಬಾಗಿಲಿಗೆ, ಹೋದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ 220, ಅಂದರೆ 'ಸಿದ್ಧ', ಅಂತ ಉತ್ತರ. ಅಂದರೆ ನನ್ನ ಸರ್ವರ್ ಸರಿ ಇದೆ, ಲೈನ್ ಕೊಟ್ಟವರು 25ನ್ನು ಮುಚ್ಚಿದ್ದಾರೆ. ವೈರಸ್ ಹಿಡಿದ ಮನೆ ಕಂಪ್ಯೂಟರ್‌ಗಳು ಸ್ಪ್ಯಾಮ್ ಉಗುಳದಿರಲಿ ಅಂತ ಎಷ್ಟೋ ಕಂಪನಿಗಳು ಹೀಗೆ ಮಾಡುತ್ತವೆ. ಅದರಲ್ಲಿ ತಪ್ಪೇನಿಲ್ಲ.

ಹಟ ಬಿಡದೆ ಸ್ಥಿರ ಐಪಿಗೆ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸಕ್ಕೆ, ದುಡ್ಡು ಕಟ್ಟಿ, ಮೂರು ವಾರ ಫೋನ್ ಮಾಡಿ 25 ತೆಗೆಸಿದೆ. ಈ ಸಲ ಉತ್ತರ ಬಂತು: 550. ನಿಮ್ಮ ಐಪಿಗೆ ತಿರುಗು ಹೆಸರಿಲ್ಲ, ಬರಬೇಡಿ. ಐಪಿಯಿಂದ ಹೆಸರಿಗೆ ತಿರುಗಿ ಹೋಗುವ ಡಿಎನ್‌ಎಸ್ (ಇಂಟರ್ನೆಟ್ ಹೆಸರುಗಳ ಪಟ್ಟಿ) ದಾಖಲೆ ಅದು, ಪಿಟಿಆರ್ ಅಂತಾರೆ. ಡೊಮೇನ್ ನಮ್ಮದೇ ಆದರೂ ಪಿಟಿಆರ್ ನಮ್ಮ ಕೈಯಲ್ಲಿಲ್ಲ, ಐಪಿಯ ಒಡೆಯರೇ ಹಾಕಬೇಕು. ಲೈನಿನವರಿಗೆ ಫೋನ್ ಮಾಡಿ ಕೇಳಿದೆ. "ಪಿಟಿಆರ್ ಅಂದ್ರೆ ಏನ್ ಸಾರ್?" ಅಂದರು. ಅಲ್ಲಿಗೆ ಕೈಬಿಟ್ಟೆ. ಆದರೆ ಒಂದು ಮಾತು ಹೇಳಲೇಬೇಕು. ಮೂರರಲ್ಲಿ ಇದೇ ಅತಿ ಪ್ರಾಮಾಣಿಕ ದಾರಿ. ಹೋಗಲ್ಲ ಅಂದರೆ ಹೋಗಲ್ಲ ಅಂತ ಮುಖಕ್ಕೇ ಹೇಳುತ್ತದೆ.

ಈ ಸಂಖ್ಯೆಗಳ ಬಗ್ಗೆ ಒಂದು ಮಾತು. 4ರಿಂದ ಶುರುವಾದರೆ 'ಈಗ ಬೇಡ, ಆಮೇಲೆ ಬಾ'. 5ರಿಂದ ಶುರುವಾದರೆ 'ಬರಲೇ ಬೇಡ'. ಗ್ರೇಲಿಸ್ಟಿಂಗ್ ಇಟ್ಟುಕೊಂಡವರು ಹೊಸಬರನ್ನು ಮೊದಲ ಸಲ ಬೇಕಂತಲೇ 4ರ ಸಂಖ್ಯೆ ಕೊಟ್ಟು ವಾಪಸ್ ಕಳಿಸುತ್ತಾರೆ. ನಿಜವಾದ ಸರ್ವರ್ ಆದರೆ ಮತ್ತೆ ಬರುತ್ತದೆ, ಆಗ ಒಳಗೆ ಬಿಡುತ್ತಾರೆ. 451 ಕಂಡ ಕೂಡಲೇ ಗಾಬರಿಬಿದ್ದು ಕಾನ್ಫಿಗ್ ತಿದ್ದಲು ಕೂರಬೇಡಿ. ನಾನು ಕೂತಿದ್ದೆ, ರಾತ್ರಿ ಹನ್ನೊಂದರ ತನಕ. ಸರಿ ಮಾಡಿದೆ ಅಂದುಕೊಂಡದ್ದು ತಾನಾಗಿಯೇ ಸರಿ ಹೋಗಿತ್ತು.

ಎರಡನೇ ದಾರಿಯಲ್ಲಿ ನಾನು ಜಾಸ್ತಿ ಕಲಿತೆ, ಜಾಸ್ತಿ ಬೈದುಕೊಂಡೆ. ವಿಪಿಎಸ್‌ನಲ್ಲಿ ಪಿಟಿಆರ್ ಹಾಕುವುದು ಪ್ಯಾನೆಲ್‌ನಲ್ಲಿ ಎರಡು ಕ್ಲಿಕ್ ಕೆಲಸ. ಮಂಡಿಯ ಪಿಸಿ 587ರಲ್ಲಿ ಪಾಸ್‌ವರ್ಡ್ ಕೊಟ್ಟು ವಿಪಿಎಸ್‌ಗೆ ಒಪ್ಪಿಸುತ್ತದೆ, ವಿಪಿಎಸ್ 25ರಲ್ಲಿ ಲೋಕಕ್ಕೆ ಹಂಚುತ್ತದೆ. ಮೊದಲ ಐಪಿಗೆ ಹಳೆ ಬಾಡಿಗೆದಾರ ಮಾಡಿದ್ದ ಪಾಪವೆಲ್ಲ ಅಂಟಿಕೊಂಡಿತ್ತು, ಎರಡು ಕಪ್ಪುಪಟ್ಟಿಯಲ್ಲಿ ಹೆಸರಿತ್ತು. ಬದಲಾಯಿಸಿಕೊಂಡೆ. ಇದು ಸುಲಭದ್ದು.

ತಲೆ ತಿಂದದ್ದು ಬೇರೆ. ಒಬ್ಬರೇ ಬೆಳೆಗಾರರ ವಿಳಾಸಕ್ಕೆ ಸೋಮವಾರ ಮೇಲ್ ಹೋಗುತ್ತದೆ, ಮಂಗಳವಾರ ಬೌನ್ಸ್ ಆಗಿ ವಾಪಸ್ ಬರುತ್ತದೆ, ಬುಧವಾರ ಮತ್ತೆ ಹೋಗುತ್ತದೆ. ಕಾನ್ಫಿಗ್ ಮುಟ್ಟಿಲ್ಲ. ಗುಮಾಸ್ತರು "ಅಮಾವಾಸ್ಯೆ ಹತ್ತಿರ ಇದೆ" ಅಂತ ನಕ್ಕರು. ಹೋದ ಮೇಲ್ ಮತ್ತು ವಾಪಸ್ ಬಂದ ಮೇಲ್, ಎರಡರ ಲಾಗ್ ಸಾಲನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. 'ರಿಲೇ' ಅನ್ನುವ ಜಾಗದಲ್ಲಿ ಹೋದದ್ದರ ವಿಳಾಸದಲ್ಲಿ ಚುಕ್ಕೆಗಳು, ಬೌನ್ಸ್ ಆದದ್ದರಲ್ಲಿ ಕೋಲನ್‌ಗಳು. ಐಪಿ ವಿಳಾಸದ ಹಳೆ ಬಗೆ ಐಪಿವಿ4 ಮತ್ತು ಹೊಸ ಬಗೆ ಐಪಿವಿ6! ಎರಡೂ ಇದ್ದರೆ ಪೋಸ್ಟ್‌ಫಿಕ್ಸ್ ಒಮ್ಮೆ ಅದು, ಒಮ್ಮೆ ಇದು ಅಂತ ಆರಿಸಿಕೊಳ್ಳುತ್ತದೆ. ನಾನು ಪಿಟಿಆರ್ ಹಾಕಿದ್ದು ಐಪಿವಿ4ಕ್ಕೆ ಮಾತ್ರ. 'ಐನೆಟ್ ಪ್ರೋಟೋಕಾಲ್ಸ್' ಅನ್ನುವ ಸಾಲಿನಲ್ಲಿ ಐಪಿವಿ4 ಅಂತ ಬರೆದು ರೀಸ್ಟಾರ್ಟ್ ಮಾಡಿದೆ. ಎರಡು ವಾರದ ಕಾಟ ಅರ್ಧ ನಿಮಿಷದಲ್ಲಿ ಮುಗಿಯಿತು.

ಆಮೇಲೆ ಸ್ಪ್ಯಾಮ್ ಫೋಲ್ಡರ್. ವಿಪಿಎಸ್ ದಾರಿಯ ನಿಜವಾದ ಕುರುಡು ಇದು. ಲಾಗ್‌ನಲ್ಲಿ 'ಸೆಂಟ್', ಜೊತೆಗೆ 'ಸರಿ' ಅನ್ನುವ 250. ಆ ಕಡೆಯವರು ತೆಗೆದುಕೊಂಡಿದ್ದಾರೆ, ಆದರೆ ಅಟ್ಟಕ್ಕೆ ಎಸೆದಿದ್ದಾರೆ. ನನ್ನ ಖಾತೆಗೇ ಕಳಿಸಿ ಮೇಲ್‌ನ ಒಳವಿವರ ಇರುವ ಹೆಡರ್ ತೆರೆದು ನೋಡಿದರೆ ಎಸ್‌ಪಿಎಫ್ ಪಾಸ್, ಡಿಕಿಮ್ ಫೇಲ್. ಎಸ್‌ಪಿಎಫ್ ಅಂದರೆ ನಮ್ಮ ಹೆಸರಿನಲ್ಲಿ ಯಾವ ಐಪಿ ಕಳಿಸಬಹುದು ಅನ್ನುವ ಪಟ್ಟಿ. ಡಿಕಿಮ್ ಅಂದರೆ ಪ್ರತಿ ಮೇಲ್‌ಗೂ ಹಾಕುವ ಸಹಿ, ಅದನ್ನು ತಾಳೆ ನೋಡುವ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ನನ್ನ ಕೀಲಿ 2048 ಬಿಟ್‌ನದು. ಡಿಎನ್‌ಎಸ್‌ನಲ್ಲಿ ಅದನ್ನು ಇಡುವ ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿಗೆ 255 ಅಕ್ಷರ ಮಾತ್ರ ಹಿಡಿಸುವುದು, ಉದ್ದದ ಕೀಲಿಯನ್ನು ಎರಡು ತುಂಡು ಮಾಡಿ ಹಾಕಬೇಕು. ನಾನು ಇಡಿಯಾಗಿ ಅಂಟಿಸಿದ್ದೆ. ಡೊಮೇನ್ ಮಾರಿದವರ ಪ್ಯಾನೆಲ್ ಅದರ ಬಾಲ ಕತ್ತರಿಸಿ, ಒಂದು ಮಾತೂ ಆಡದೆ ಹಸಿರು ಟಿಕ್ ತೋರಿಸಿತ್ತು. ಡಿಎನ್‌ಎಸ್ ದಾಖಲೆ ತೋರಿಸುವ 'ಡಿಗ್' ಹೊಡೆದು ಎಣಿಸಿದಾಗ ಗೊತ್ತಾಯ್ತು.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿ ಮಾಡಿವೆ. ಜಿಮೇಲ್‌ಗೆ ಕಳಿಸುವ ಯಾರೇ ಆದರೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಲೇಬೇಕು. ದಿನಕ್ಕೆ 5000 ದಾಟಿದವರಿಗೆ ಎರಡೂ ಬೇಕು, ಮೇಲೆ ಡಿಮಾರ್ಕ್ ಕೂಡ, ಅಂದರೆ ಅವೆರಡೂ ತಪ್ಪಿದರೆ ಮೇಲನ್ನು ಏನು ಮಾಡಬೇಕು ಅಂತ ನಾವು ಹೇಳಿಡುವ ದಾಖಲೆ. ನಮ್ಮ ನಾನೂರು ಎಲ್ಲಿ, ಐದು ಸಾವಿರ ಎಲ್ಲಿ. ಆದರೂ ಮೂರನ್ನೂ ಹಾಕಿಟ್ಟೆ.

ಮೂರನೆಯದು ರಿಲೇ. ಇದು ತೂಗುಮಂಚ. ಒಂದು ಮಧ್ಯಾಹ್ನದಲ್ಲಿ ಎದ್ದು ನಿಂತಿತು. ಎಡವಿದ್ದು ಎರಡೇ ಕಡೆ. ಪಾಸ್‌ವರ್ಡ್ ಎಲ್ಲ ಸರಿ ಇದ್ದರೂ ಲಾಗಿನ್ ಆಗುತ್ತಿರಲಿಲ್ಲ, ಸರಿಯಾದ ವಿಧಾನವೇ ಸಿಗುತ್ತಿಲ್ಲ ಅಂತ ಲಾಗ್ ಗೊಣಗುತ್ತಿತ್ತು. ಡೆಬಿಯನ್‌ನಲ್ಲಿ ಲಾಗಿನ್ ವಿಧಾನಗಳನ್ನು ಕೊಡುವ ಎಸ್‌ಎಎಸ್‌ಎಲ್ ಮಾಡ್ಯೂಲ್‌ಗಳ ಪ್ಯಾಕೇಜು ಬೇರೆಯೇ ಇದೆ, ನಾನು ಹಾಕಿರಲಿಲ್ಲ. ಇನ್ನೊಂದು, ಬಿಲ್ಲಿಂಗ್ ಸಾಫ್ಟ್‌ವೇರ್ ಮೇಲ್ ಕಳಿಸುತ್ತಿದ್ದದ್ದು ರೂಟ್ ಅನ್ನುವ ಹೆಸರಿನಲ್ಲಿ, ಪಿಸಿಯ ಒಳಹೆಸರಿನ ವಿಳಾಸದಿಂದ. ಪರಿಚಯವಿಲ್ಲದ ಕಳುಹಿಸುವವರನ್ನು ರಿಲೇ ಮುಟ್ಟುವುದಿಲ್ಲ. 'ಜನರಿಕ್ ಮ್ಯಾಪ್ಸ್' ಅನ್ನುವ ವಿಳಾಸ ಬದಲಿಸುವ ಪಟ್ಟಿ ಬರೆದು, ಅದನ್ನು ಪೋಸ್ಟ್‌ಫಿಕ್ಸ್ ಓದುವಂತೆ ಮಾಡುವ 'ಪೋಸ್ಟ್‌ಮ್ಯಾಪ್' ಹೊಡೆದು ವಿಳಾಸ ಬದಲಿಸಿದೆ. ಎರಡನೆಯದನ್ನು ಹೊಡೆಯಲು ಮರೆಯುವುದು ನನ್ನ ಹಳೆ ಚಾಳಿ.

ಆಮೇಲೆ ಒಂದು ತಿಂಗಳು ಆರಾಮ. ಆ ಆರಾಮದಲ್ಲೇ ಮೋಸ ಹೋದೆ. ಕೊಪ್ಪದ ಒಬ್ಬ ಬೆಳೆಗಾರರು ನಾಲ್ಕು ಪಟ್ಟಿ ಬಂದೇ ಇಲ್ಲ ಅಂತ ಫೋನ್ ಮಾಡಿದರು. ನನ್ನ ಲಾಗ್‌ನಲ್ಲಿ ನಾಲ್ಕೂ 'ಸೆಂಟ್'. ಎದೆ ತಟ್ಟಿ ಹೋಗಿದೆ ಅಂದೆ. ಹೋದದ್ದು ರಿಲೇಯವರ ತನಕ ಮಾತ್ರ. ಆ ಕಡೆ ಅವರ ಮೇಲ್‌ಬಾಕ್ಸ್ ತುಂಬಿತ್ತು, ಮೊದಲನೆಯದು ತಿರಸ್ಕೃತ ಆದ ಮೇಲೆ ರಿಲೇ ಕಂಪನಿ ಆ ವಿಳಾಸವನ್ನೇ ತನ್ನ ತಡೆಪಟ್ಟಿಗೆ ಹಾಕಿ, ಮುಂದಿನ ಮೂರನ್ನು ಕಳಿಸುವ ಗೋಜಿಗೇ ಹೋಗಿರಲಿಲ್ಲ. ಇದೆಲ್ಲ ಅವರ ಡ್ಯಾಶ್‌ಬೋರ್ಡಿನ ಮೂರನೇ ಪುಟದಲ್ಲಿತ್ತು. ನನ್ನ ಸರ್ವರ್‌ಗೆ ಒಂದು ಅಕ್ಷರವೂ ತಿಳಿದಿರಲಿಲ್ಲ. ರಿಲೇ ಹಿಡಿದವರು 'ಸೆಂಟ್' ಅನ್ನುವುದನ್ನು 'ಬಸ್ಸಿಗೆ ಹತ್ತಿಸಿದೆ' ಅಂತ ಓದಿಕೊಳ್ಳಿ. ಊರು ಮುಟ್ಟಿತು ಅಂತಲ್ಲ.

ಇನ್ನು ಮಳೆಯ ವಿಚಾರ. ಮಲೆನಾಡಿನಲ್ಲಿ ಮೇಲ್ ಸರ್ವರ್ ಆರಿಸುವಾಗ ಇದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಮೊದಲು ಎಂಎಸ್‌ಎಂಟಿಪಿ ಅನ್ನುವ ಮೇಲ್ ಕಳಿಸುವ ಪ್ರೋಗ್ರಾಂ ನೋಡಿದ್ದೆ. ಪುಟ್ಟದು, ಐದು ಸಾಲಿನ ಕಾನ್ಫಿಗ್. ಆದರೆ ಅದಕ್ಕೆ ಸ್ವಂತ ಕ್ಯೂ ಇಲ್ಲ. ಲೈನ್ ಇಲ್ಲದ ಹೊತ್ತಿನಲ್ಲಿ ಕಳಿಸಿದರೆ ಎರರ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಅದನ್ನು ನಂಬಲಾಗದು.

ಶಿವಮೊಗ್ಗದ ಪಿಸಿಯಲ್ಲಿ ಪೋಸ್ಟ್‌ಫಿಕ್ಸ್ ಇದ್ದಾಗ ತೀರ್ಥಹಳ್ಳಿಯ ಶಾಖೆಯಲ್ಲಿ ಎಕ್ಸಿಮ್ ಬಿಟ್ಟಿದ್ದೆ, ಡೆಬಿಯನ್ನಿನ ಡಿಫಾಲ್ಟ್ ಮೇಲ್ ಸರ್ವರ್ ಅದೇ ಅಲ್ವಾ. ಎಕ್ಸಿಮ್ 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಪೋಸ್ಟ್‌ಫಿಕ್ಸ್ 1998ರಲ್ಲಿ ಐಬಿಎಂನಲ್ಲಿದ್ದ ವೀಟ್ಸೆ ವೆನೆಮಾ ಹೊರತಂದದ್ದು. ಲಾಗ್ ಓದಲು ನನಗೆ ಎಕ್ಸಿಮ್ಮೇ ಇಷ್ಟ. ಬಂದದ್ದಕ್ಕೆ <= ಗುರುತು, ಹೋದದ್ದಕ್ಕೆ =>, ಕಾಯುತ್ತಿರುವುದಕ್ಕೆ ==, ಕೆಟ್ಟದ್ದಕ್ಕೆ **. ದೂರದಿಂದ ಕಣ್ಣಾಡಿಸಿದರೂ ಸ್ಥಿತಿ ಗೊತ್ತಾಗುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ ಒಂದು ಮೇಲ್‌ನ ಕತೆ ನಾಲ್ಕೈದು ಪ್ರೋಗ್ರಾಂಗಳ ಸಾಲುಗಳಲ್ಲಿ ಹರಡಿರುತ್ತದೆ, ಕ್ಯೂ ಐಡಿ ಹಿಡಿದು ಹೆಕ್ಕಬೇಕು.

ಆದರೆ ಒಂದು ಶನಿವಾರ ಎರಡೂ ಕಡೆ ಲೈನ್ ಹೋಯ್ತು. ಎಲ್ಲೋ ಮರ ಬಿದ್ದಿತ್ತು. ಸೋಮವಾರ ಹನ್ನೊಂದು ಗಂಟೆಗೆ ಬಂತು. ಶಿವಮೊಗ್ಗದ ಕ್ಯೂ ಹನ್ನೆರಡರೊಳಗೆ ಖಾಲಿ. ತೀರ್ಥಹಳ್ಳಿಯದು ಮಧ್ಯಾಹ್ನ ಊಟ ಮುಗಿದರೂ ಮಿಸುಕಲಿಲ್ಲ. ಕಾರಣ ಅವುಗಳ ಸ್ವಭಾವ. ಪೋಸ್ಟ್‌ಫಿಕ್ಸ್ ಎಷ್ಟೇ ಸೋತರೂ ಎರಡು ಪ್ರಯತ್ನಗಳ ನಡುವೆ ಹೆಚ್ಚೆಂದರೆ 4000 ಸೆಕೆಂಡ್ ಬಿಡುತ್ತದೆ, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಡೆಬಿಯನ್ನಿನ ಎಕ್ಸಿಮ್ ಮೊದಲೆರಡು ಗಂಟೆ ಕಾಲು ಗಂಟೆಗೊಮ್ಮೆ ಹೋಗಿ ನೋಡುತ್ತದೆ, ಬರಬರುತ್ತಾ ಬೇಸತ್ತು ಆರು ಗಂಟೆಗೊಮ್ಮೆ. ಕೈಬಿಡುವುದೂ ಅದೇ ಮೊದಲು: ಎಕ್ಸಿಮ್ ನಾಲ್ಕು ದಿನಕ್ಕೆ, ಪೋಸ್ಟ್‌ಫಿಕ್ಸ್ ಐದು ದಿನಕ್ಕೆ. ಕೈಯಾರೆ ತಳ್ಳಿದರೆ ಎರಡೂ ಓಡುತ್ತವೆ. ತಳ್ಳಲು ತೀರ್ಥಹಳ್ಳಿಯಲ್ಲಿ ಯಾರಿದ್ದಾರೆ? ಈ ಅಂಕಿಗಳನ್ನೆಲ್ಲ ಬದಲಿಸಬಹುದು, ಗೊತ್ತು. ನಾನು ಬದಲಿಸಲಿಲ್ಲ. ಮುಂದಿನ ಭಾನುವಾರ ಬಸ್ಸು ಹತ್ತಿ ಹೋಗಿ ಅಲ್ಲಿಗೂ ಪೋಸ್ಟ್‌ಫಿಕ್ಸ್ ಹಾಕಿ ಬಂದೆ.

ಈಗಿನ ಏರ್ಪಾಡು ಹೀಗಿದೆ. ಎರಡೂ ಕಡೆಯ ಪಿಸಿಯಿಂದ ಮೇಲ್ ವಿಪಿಎಸ್‌ಗೆ ಹೋಗುತ್ತದೆ, ಅಲ್ಲಿಂದ ನೇರ ಹೊರಗೆ. ನಮ್ಮ ಐಪಿಯನ್ನು ಆಗಾಗ ಸುಮ್ನೆ 4ರ ಸಂಖ್ಯೆ ಕೊಟ್ಟು ಕಾಯಿಸುವ ಒಂದು ದೊಡ್ಡ ಸೇವೆಗೆ ಮಾತ್ರ ಯಾವ ವಿಳಾಸಕ್ಕೆ ಯಾವ ದಾರಿ ಅಂತ ಹೇಳುವ 'ಟ್ರಾನ್ಸ್‌ಪೋರ್ಟ್ ಮ್ಯಾಪ್ಸ್' ಬರೆದು ರಿಲೇ ಮೂಲಕ ಕಳಿಸುತ್ತೇನೆ. ಎರಡು ದಾರಿ ಇಟ್ಟುಕೊಂಡವರು ಎಸ್‌ಪಿಎಫ್ ದಾಖಲೆಯನ್ನೂ ಎರಡು ಮಾಡಬೇಡಿ. ಒಂದು ಡೊಮೇನ್‌ಗೆ ಎರಡು ಇದ್ದರೆ ಎರಡೂ ಇಲ್ಲದಂತೆ. ಒಂದರಲ್ಲೇ ಇಬ್ಬರನ್ನೂ ಸೇರಿಸಿ. ದಿನಕ್ಕೆ ಹತ್ತಿಪ್ಪತ್ತು ಮೇಲ್ ಕಳಿಸುವವರು, ಲಾಗ್ ನೋಡುವ ಚಟ ಇಲ್ಲದವರು, ಇಷ್ಟೆಲ್ಲ ಮಾಡಬೇಕಿಲ್ಲ. ರಿಲೇ ಹಿಡಿದು ವಾರಕ್ಕೊಮ್ಮೆ ಡ್ಯಾಶ್‌ಬೋರ್ಡ್ ನೋಡಿದರೆ ಸಾಕು.

ಮೊನ್ನೆ ಬೆಳಿಗ್ಗೆ ವಿಪಿಎಸ್‌ನ ಕ್ಯೂನಲ್ಲಿ ಒಂದೇ ಒಂದು ಪಟ್ಟಿ ಉಳಿದಿತ್ತು, ಮೂರು ದಿನದಿಂದ. ಟೈಮ್ಡ್ ಔಟ್. ಉಳಿದದ್ದೆಲ್ಲ ಹೋಗಿದೆ, ಇದೊಂದು ಯಾಕೆ? ವಿಳಾಸ ನೋಡಿದರೆ 'ಡಾಟ್ ಕಾಮ್' ಬರೆಯುವಾಗ ಗುಮಾಸ್ತರ ಕೈ ನಡುವಿನ ಅಕ್ಷರ ಬಿಟ್ಟಿದೆ. ಹಾಗೆ ಬರೆದರೆ ಅದು ಕ್ಯಾಮರೂನ್ ದೇಶದ ಬಾಲ. ಯಜಮಾನರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಎಲ್ಲಿದೆಯೋ ಅದು?"

"ಆಫ್ರಿಕಾ."

"ರಾಶಿಗೆ ಅಲ್ಲಿ ರೇಟ್ ಎಷ್ಟಿದೆ ಕೇಳು ಮಾರಾಯ."