ಅಪ್‌ಡೇಟ್ ಆಯ್ತು, ಆಡ್-ಆನ್ ಸತ್ತಿತು: ಕ್ರೋಮ್, ಫೈರ್‌ಫಾಕ್ಸ್, ಬ್ರೇವ್ ಮೂರನ್ನೂ ಬಳಸಿ ನೋಡಿದ ಮೇಲೆ

ಮುಂಬೈಯ ನಮ್ಮ ಜನರಿಂದ ನನಗೆ ಈಚೆಗೆ ಜಾಸ್ತಿ ಬರುವ ಫೋನ್ ಒಂದೇ: "ಕಂಪ್ಯೂಟರ್‌ನಲ್ಲಿ ಮತ್ತೆ ಜಾಹೀರಾತು ಶುರುವಾಗಿದೆ." ಡೊಂಬಿವಲಿಯಲ್ಲಿ ಕೂತು ಪರಿಚಯದ ಹೋಟೆಲ್‌ಗಳ ಲೆಕ್ಕ ಬರೆಯುವವನು ನಾನು, ಅವರ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸವೂ ಹೇಗೋ ನನ್ನ ತಲೆಗೇ ಬಿದ್ದಿದೆ. ಹಾಗಾಗಿ ಜಾಹೀರಾತು ತಡೆಯಲು ಬೇರೆ ಬೇರೆ ಮೆಷಿನ್‌ನಲ್ಲಿ ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ. ನನ್ನ ಓಟು ಫೈರ್‌ಫಾಕ್ಸ್‌ಗೆ, ಆದರೆ ಎಲ್ಲರ ಮೆಷಿನ್‌ಗೂ ಅಲ್ಲ. ಅಪ್‌ಡೇಟ್ ನಿಲ್ಲಿಸಿ ಹಳೇ ಆಡ್-ಆನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, ಎಕ್ಸ್‌ಟೆನ್ಷನ್ ಅಂದರೂ ಅದೇ) ಉಳಿಸಿಕೊಳ್ಳುವುದು ಇದೆಯಲ್ಲ, ಅದಕ್ಕೆ ಮಾತ್ರ ನನ್ನ ಓಟು ಇಲ್ಲವೇ ಇಲ್ಲ.

ಆಗಿದ್ದು ಇಷ್ಟು. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್‌ಗಳು ನಡೆಯುವ ನಿಯಮವನ್ನೇ ಗೂಗಲ್ ಬದಲಿಸಿತು. ಹಳೇ ನಿಯಮ ಮ್ಯಾನಿಫೆಸ್ಟ್ ವಿ2, ಹೊಸದು ವಿ3. ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ ಇದ್ದಾನಲ್ಲ, ಹಾಗೆ ಅಂದುಕೊಳ್ಳಿ: ಹಳೇ ಪದ್ಧತಿಯಲ್ಲಿ ಯಾರೇ ಬಂದರೂ ಇಂಟರ್‌ಕಾಮ್‌ನಲ್ಲಿ ಆಡ್-ಆನ್‌ಗೆ ಕೇಳಿ, ಅದು ಹೂಂ ಅಂದರೆ ಮಾತ್ರ ಒಳಗೆ ಬಿಡುತ್ತಿದ್ದ. ಈಗ ಆಡ್-ಆನ್ ಮೊದಲೇ ಒಂದು ಪಟ್ಟಿ ಬರೆದುಕೊಡಬೇಕು, ಗೇಟಿನಲ್ಲಿ ತಡೆಯುವುದು ಬಿಡುವುದು ಬ್ರೌಸರ್‌ಗೇ ಸೇರಿದ್ದು. ಪಟ್ಟಿಯ ಉದ್ದಕ್ಕೂ ಮಿತಿ ಇದೆ. ಒಂದು ಎಕ್ಸ್‌ಟೆನ್ಷನ್‌ಗೆ ಖಾತ್ರಿಯಾಗಿ ಸಿಗುವುದು 30,000 ಸ್ಥಿರ ನಿಯಮ, ಅದರ ಮೇಲೆ ಬೇಕಾದರೆ ಎಲ್ಲ ಎಕ್ಸ್‌ಟೆನ್ಷನ್‌ಗಳೂ ಸೇರಿ ಹಂಚಿಕೊಳ್ಳಬೇಕು. 2024ರ ಅಕ್ಟೋಬರ್‌ನಿಂದ ಸಾಮಾನ್ಯ ಕ್ರೋಮ್‌ನಲ್ಲೇ ವಿ2 ಆಡ್-ಆನ್‌ಗಳನ್ನು ಆಫ್ ಮಾಡುತ್ತಾ ಬಂದರು. ರೇಮಂಡ್ ಹಿಲ್ ಬರೆದ, ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಕೂಡ ಹಾಗೇ ಹೋಯಿತು.

"ಜಾಹೀರಾತು ತಾನೆ, ಬರಲಿ ಬಿಡಿ" ಅನ್ನುವವರಿಗೆ ಒಂದು ಮಾತು. ಸರ್ಚ್ ಜಾಹೀರಾತಿನ ಮೂಲಕ ನಕಲಿ ಸೈಟ್‌ಗಳಿಗೆ ಎಳೆಯುವವರು ಇದ್ದಾರೆ, ಆಡ್-ಬ್ಲಾಕರ್ ಹಾಕಿಕೊಳ್ಳಿ ಎಂದು 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐಯೇ ಜನರಿಗೆ ಹೇಳಿತ್ತು. ಮಾಟುಂಗಾದ ಒಂದು ಹೋಟೆಲಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಮಧ್ಯಾಹ್ನದ ಊಟ ಮುಗಿದು ಸಂಜೆ ತಿಂಡಿ ಶುರುವಾಗುವ ಮೊದಲು ಶೆಟ್ರು ಗಲ್ಲಾದ ಪಕ್ಕದ ಕಂಪ್ಯೂಟರಿನಲ್ಲಿ ಗ್ರೈಂಡರ್ ರಿಪೇರಿಯವರ ನಂಬರ್ ಹುಡುಕಿದ್ದಾರೆ. ಎಲ್ಲೋ ಒತ್ತಿದ್ದೇ ತಡ, ಪರದೆ ತುಂಬ ಕೆಂಪು, ಬೀಪ್ ಬೀಪ್ ಸದ್ದು, "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ. ಪುಣ್ಯಕ್ಕೆ ಆ ನಂಬರಿಗೆ ಮಾಡಲಿಲ್ಲ, ಮಾನಿಟರ್ ಆಫ್ ಮಾಡಿ ನನಗೆ ಮಾಡಿದರು. "ಎಂತ ಮಾರಾಯ್ರೇ, ನೀವು ಹಾಕಿಕೊಟ್ಟ ಆ ಕೆಂಪು ಗುರಾಣಿ ಎಲ್ಲಿ ಹೋಯ್ತು?" ಹೋಗಿ ನೋಡಿದರೆ ಎಕ್ಸ್‌ಟೆನ್ಷನ್ ಪುಟದಲ್ಲಿ ಆ ಗುರಾಣಿ, ಅಂದರೆ ಯೂಬ್ಲಾಕ್ ಒರಿಜಿನ್, ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು, ಇನ್ನು ಬೆಂಬಲ ಇಲ್ಲ ಅನ್ನುವ ಒಂದು ಸಾಲಿನ ಜೊತೆ.

ಅಲ್ಲಿ ಹಾಕಿದ್ದು ಯೂಬ್ಲಾಕ್ ಒರಿಜಿನ್ ಲೈಟ್. ಅದೇ ಹಿಲ್ ಅವರದ್ದು, ವಿ3 ನಿಯಮಕ್ಕೆ ತಕ್ಕಂತೆ ಬರೆದದ್ದು. ಶೆಟ್ರ ಕೆಲಸಕ್ಕೆ ಸಾಕು. ಹಿನ್ನೆಲೆಯಲ್ಲಿ ಅದರದ್ದೇ ಅಂತ ಏನೂ ಸದಾ ಓಡುತ್ತಿರಬೇಕಿಲ್ಲ, ಹಾಗಾಗಿ ಬಿಲ್ಲಿಂಗ್ ಸಾಫ್ಟ್‌ವೇರ್ ಜೊತೆ ಒದ್ದಾಡುವ ಆ ಹಳೇ ಮೆಷಿನ್‌ಗೆ ಭಾರವೂ ಇಲ್ಲ. ಆದರೆ ಏನೇನು ತಡೆಯಬೇಕು ಅನ್ನುವ ಫಿಲ್ಟರ್ ಪಟ್ಟಿಗಳು ಎಕ್ಸ್‌ಟೆನ್ಷನ್ ಒಳಗೇ ಬರುತ್ತವೆ, ಅದು ಅಪ್‌ಡೇಟ್ ಆದಾಗ ಮಾತ್ರ ಪಟ್ಟಿಯೂ ಹೊಸದಾಗುವುದು. ನಕಲಿ ಸೈಟ್‌ಗಳು ಬೆಳಗ್ಗೆ ಹುಟ್ಟಿ ಸಂಜೆಗೆ ಸಾಯುವ ಕಾಲದಲ್ಲಿ ಇದು ಸಣ್ಣ ಕೊರತೆಯಲ್ಲ. ಯಾವ ಸೈಟಿಗೆ ಯಾವ ಸ್ಕ್ರಿಪ್ಟ್ (ಪುಟದೊಳಗೆ ಓಡುವ ಸಣ್ಣ ಪ್ರೋಗ್ರಾಂ) ಬಿಡಬೇಕು ಅಂತ ಒಂದೊಂದೇ ಚೌಕ ಒತ್ತಿ ತೀರ್ಮಾನಿಸುವ ಆ ಹಳೇ ಫಲಕವೂ ಇಲ್ಲ. ನನಗೆ ಅದಿಲ್ಲದೆ ಆಗುವುದಿಲ್ಲ, ಶೆಟ್ರಿಗೆ ಅದು ಇತ್ತು ಅಂತಲೇ ಗೊತ್ತಿರಲಿಲ್ಲ.

ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಫೈರ್‌ಫಾಕ್ಸ್, ಪೂರ್ತಿ ಯೂಬ್ಲಾಕ್ ಒರಿಜಿನ್. ಮೊಜಿಲ್ಲಾ ವಿ2 ಉಳಿಸಿಕೊಂಡಿದೆ, ವಿ3ಯಲ್ಲೂ ಕೇಳಿ ತಡೆಯುವ ಹಳೇ ಸೌಲಭ್ಯ ತೆಗೆದಿಲ್ಲ. ಹಾಗಂತ ಫೈರ್‌ಫಾಕ್ಸ್‌ನವರು ಯಾರ ಆಡ್-ಆನನ್ನೂ ಮುರಿದಿಲ್ಲ ಅಂತ ಯಾರಾದರೂ ಹೇಳಿದರೆ ನಗು ಬರುತ್ತದೆ. 2017ರ ನವೆಂಬರ್‌ನಲ್ಲಿ 57ನೇ ಆವೃತ್ತಿ ಬಂದಾಗ ಹಳೇ ಬಗೆಯ ಆಡ್-ಆನ್‌ಗಳೆಲ್ಲ ಒಂದೇ ಏಟಿಗೆ ಹೋದವು. ಪುಟದ ಸ್ಕ್ರಿಪ್ಟ್‌ಗಳನ್ನು ತಡೆಯುವ ನೋಸ್ಕ್ರಿಪ್ಟ್ ಅನ್ನು ಅದರ ಕರ್ತೃ ಜಾರ್ಜಿಯೊ ಮಾವೊನೆ ಹೊಸದಾಗಿ ಬರೆಯಬೇಕಾಯಿತು. 2019ರ ಮೇ 4ಕ್ಕೆ ಇನ್ನೂ ಚೆನ್ನಾಗಿತ್ತು: ಆಡ್-ಆನ್‌ಗಳಿಗೆ ಸಹಿ ಹಾಕುವ ಒಂದು ಸರ್ಟಿಫಿಕೇಟಿನ ಅವಧಿ ಮುಗಿಯಿತು, ಪ್ರಪಂಚದಾದ್ಯಂತ ಆಡ್-ಆನ್‌ಗಳು ಆಫ್. ಟಾರ್ ಬ್ರೌಸರಿನೊಳಗಿನ ನೋಸ್ಕ್ರಿಪ್ಟ್ ಕೂಡ! ಪ್ರಾಣಕ್ಕೇ ಅಪಾಯ ಇರುವವರು ಗುರುತು ಮರೆಸಲು ನಂಬಿ ಬಳಸುವ ಬ್ರೌಸರ್ ಅದು. ಫೈರ್‌ಫಾಕ್ಸ್ 66.0.4 ಬಂದ ಮೇಲೆ ಸರಿಯಾಯಿತು. ಅಂದರೆ ಒಬ್ಬರು ನಿಯಮ ಮಾಡಿ ಆಫ್ ಮಾಡಿದರು, ಇನ್ನೊಬ್ಬರು ತಾರೀಕು ನೋಡದೆ. ನನಗೆ ಎರಡನೆಯವರ ಮೇಲೆ ಸಿಟ್ಟು ಕಡಿಮೆ, ಯಾಕೆಂದರೆ ಅವರು ಸರಿ ಮಾಡಿಕೊಟ್ಟರು.

ಫೈರ್‌ಫಾಕ್ಸ್‌ನ ಕಷ್ಟ ಬೇರೆ ಕಡೆ. ನನ್ನ ಕೆಲಸದ ಒಂದೆರಡು ಸೈಟ್‌ಗಳು ಕ್ರೋಮ್ ಬಿಟ್ಟು ಬೇರೆ ಕಂಡರೆ ಮುಖ ತಿರುಗಿಸುತ್ತವೆ. ಅದಕ್ಕೆ ಡಿಎಸ್‌ಸಿ (ಡಿಜಿಟಲ್ ಸಹಿಯ) ಡಾಂಗಲ್ ಚುಚ್ಚಿ ಸಹಿ ಹಾಕುವುದಕ್ಕೆ ಮಾತ್ರ ಅಂತ ಆಡ್-ಆನ್ ಇಲ್ಲದ ಕ್ರೋಮ್ ಒಂದನ್ನು ಇಟ್ಟುಕೊಂಡಿದ್ದೇನೆ.

ಬ್ರೇವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಡೆಯುವ ಯಂತ್ರ ಬ್ರೌಸರಿನೊಳಗೇ ಇದೆ, ಎಕ್ಸ್‌ಟೆನ್ಷನ್ ಅಲ್ಲ, ಹಾಗಾಗಿ ವಿ3 ಗಲಾಟೆ ಅದಕ್ಕೆ ತಟ್ಟುವುದಿಲ್ಲ. ಕ್ರೋಮ್‌ಗೂ ಮೂಲವಾದ ಕ್ರೋಮಿಯಂ ಮೇಲೇ ಕಟ್ಟಿದ್ದರಿಂದ ಸೈಟ್‌ಗಳೂ ತಕರಾರು ಮಾಡುವುದು ಕಡಿಮೆ. ಮುಲುಂಡಿನ ಅತ್ತಿಗೆಗೆ ಹಾಕಿಕೊಟ್ಟೆ, ಆಮೇಲೆ ಅವರು ಒಂದು ಫೋನೂ ಮಾಡಿಲ್ಲ. ಹೊಸ ಟ್ಯಾಬ್ ತೆರೆದರೆ ಕಾಣುವ ಕ್ರಿಪ್ಟೊ ವಾಲೆಟ್, ರಿವಾರ್ಡ್ಸ್ ಇವನ್ನೆಲ್ಲ ಕೂತು ಮುಚ್ಚಬೇಕು, ಅಷ್ಟೇ ಕಿರಿಕಿರಿ.

ಇನ್ನು ಅಪ್‌ಡೇಟ್ ನಿಲ್ಲಿಸುವವರು. ನಮ್ಮ ಲೆಕ್ಕದವರ ಲೋಕದಲ್ಲಿ ಇದು ಹಳೇ ಚಟ. 2015ರಲ್ಲಿ ಕ್ರೋಮ್ ಜಾವಾ ಆಪ್ಲೆಟ್‌ಗಳ (ಪುಟದೊಳಗೆ ಓಡುವ ಜಾವಾ ಪ್ರೋಗ್ರಾಂಗಳ) ಬಾಗಿಲು ಮುಚ್ಚಿತು, 2017ರಲ್ಲಿ ಫೈರ್‌ಫಾಕ್ಸ್ ಕೂಡ. ಆಗ ಡಿಜಿಟಲ್ ಸಹಿಗೆ ಆಪ್ಲೆಟ್ ಬೇಕೇ ಬೇಕಿತ್ತು, ಎಷ್ಟೋ ಆಫೀಸುಗಳಲ್ಲಿ ಹಳೇ ಬ್ರೌಸರನ್ನು ದೇವರಂತೆ ಕಾಪಾಡಿದರು. ಈಗಲೂ ಅದೇ. ಕ್ರೋಮ್ 138ರವರೆಗೆ ಕಂಪನಿಗಳಿಗೆಂದು ಇದ್ದ ಪಾಲಿಸಿಯನ್ನು ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ತುರುಕಿ ವಿ2 ಓಡಿಸಬಹುದಿತ್ತು, ನಾನೂ ಒಂದು ಮೆಷಿನ್‌ನಲ್ಲಿ ಓಡಿಸಿದೆ, ಚೆನ್ನಾಗೇ ಓಡಿತು. 139ರಲ್ಲಿ ಅದೂ ಹೋಯಿತು. ಈಗ 138ರಲ್ಲೇ ನಿಲ್ಲುತ್ತೇನೆ ಅನ್ನುವವರು ಯೋಚಿಸಲಿ: ಪ್ರತಿ ಹೊಸ ಆವೃತ್ತಿಯ ಜೊತೆ ಯಾವ ತೂತು ಮುಚ್ಚಿದೆವು ಅನ್ನುವ ಪಟ್ಟಿಯನ್ನು ಗೂಗಲ್ ತಾನೇ ಪ್ರಕಟಿಸುತ್ತದೆ. ಹಳೇ ಬ್ರೌಸರ್ ಇಟ್ಟುಕೊಂಡವರ ಮನೆಯ ವಿಳಾಸ ಕಳ್ಳನಿಗೆ ಅಲ್ಲೇ ಸಿಗುತ್ತದೆ. ಆಡ್-ಬ್ಲಾಕರ್ ಆ ತೂತಿಗೆ ಅಡ್ಡ ನಿಲ್ಲುವುದಿಲ್ಲ.

ವಿಂಡೋಸ್ 7 ಬಿಡಲಾಗದವರಿಗೆ ಕ್ರೋಮ್ 109ಕ್ಕೇ ನಿಂತಿದೆ. ಅಂಥ ಒಂದು ಮೆಷಿನ್‌ಗೆ ಫೈರ್‌ಫಾಕ್ಸ್ 115 ಇಎಸ್‌ಆರ್ (ಹೆಚ್ಚು ಕಾಲ ಭದ್ರತಾ ಅಪ್‌ಡೇಟ್ ಕೊಡುವ ಬಗೆಯ ಆವೃತ್ತಿ) ಹಾಕಿದ್ದೇನೆ, ಅದು ಇದ್ದುದರಲ್ಲಿ ವಾಸಿ, ಆದರೆ ಆ ಮೆಷಿನ್‌ನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ ಅಂತ ಹೇಳಿ ಬಂದಿದ್ದೇನೆ.

ಫೋನಿನಲ್ಲಿ ಹೋಲಿಸುವುದಕ್ಕೇ ಏನಿಲ್ಲ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಆಡ್-ಆನ್ ಹಾಕಲು ಬರುವುದಿಲ್ಲ, ಫೈರ್‌ಫಾಕ್ಸ್‌ನಲ್ಲಿ ಬರುತ್ತದೆ, ಅದೂ ಪೂರ್ತಿ ಯೂಬ್ಲಾಕ್. ಐಫೋನಿನ ಫೈರ್‌ಫಾಕ್ಸ್‌ನಲ್ಲಿ ಹುಡುಕಬೇಡಿ, ಅಲ್ಲಿ ಆ ಸೌಲಭ್ಯ ಇಲ್ಲ.