8 ಝೋನ್ ಫೈರ್ ಅಲಾರ್ಮ್ ಪ್ಯಾನೆಲ್: ಬ್ಯಾಡಗಿ ಗೋಡೌನ್‌ನ್ಯಾಗ ಬಳಸಿ ನೋಡಿದ್ದು

ಮೊದ್ಲ ರೇಟಿಂಗ್ ಹೇಳಿಬಿಡ್ತೀನಿ. ಪ್ಯಾನೆಲ್‌ಗೆ 5ಕ್ಕ 4, ಅದಕ್ಕ ಮಾಡಿಕೊಟ್ಟ ವೈರಿಂಗ್‌ಗೆ 1. ಇವೆರಡೂ ಬ್ಯಾರೆ ಬ್ಯಾರೆ ಅನ್ನೂದು ತಿಳೀದ ಛಲೋ ಪ್ಯಾನೆಲ್ ಕಿತ್ತು ಒಗದವ್ರನ್ನ ನೋಡೀನಿ. ಕಂಪನಿ ಹೆಸರು ಬರ್ಯಾಂಗಿಲ್ಲ ಯಾಕಂದ್ರ ಈ ತೊಂದ್ರಿ ಯಾವ್ ಕಂಪನಿ ಕನ್ವೆನ್ಷನಲ್ ಪ್ಯಾನೆಲ್ (ಬಿಲ್ಡಿಂಗ್‌ನ ಝೋನ್ ಅಂದ್ರ ಭಾಗ ಮಾಡಿ, ಒಂದೊಂದಕ್ಕ ಒಂದೊಂದು ವೈರ್ ಲೈನ್ ಎಳದು ನೋಡೂವಂಥಾದ್ದು) ತಗೊಂಡ್ರೂ ಬರೂವಂಥಾವು.

ನಮ್ದು ಬ್ಯಾಡಗಿಯಾಗ ಮೆಣಸಿನಕಾಯಿ ಗೋಡೌನ್, ಮುಂದ ಆಫೀಸು, ಮಗ್ಗಲಕ್ಕ ಖಾರಪುಡಿ ಮಷೀನ್ ರೂಮು. ಸೀಸನ್‌ನ್ಯಾಗ ಹಮಾಲರು ಅಲ್ಲೇ ಮಲಗ್ತಾರ. ಮೆಣಸಿನಕಾಯಿ ಚೀಲಕ್ಕ ಬೆಂಕಿ ಹತ್ತಿದ್ರ ಉರಿಗಿಂತ ಮೊದ್ಲ ಘಾಟು ಕೊಲ್ತೈತ್ರಿ, ಕಣ್ಣು ಬಿಡಾಕ ಬರೂದಿಲ್ಲ, ಬಾಗಲ ಎಲ್ಲಿ ಐತಿ ಅಂತ ಕಾಣೂದಿಲ್ಲ. ಅದಕ್ಕ ಅಲಾರ್ಮ್ ಒಂದು ನಿಮಿಷ ಮೊದ್ಲ ಹೊಡೀಬೇಕು ಅನ್ನೂದು ನಮಗ ಕಾಗದದ ಮಾತಲ್ಲ.

ಹಾಕಿಕೊಟ್ಟಾಗ ಪ್ಯಾನೆಲ್ ಒಂದು ಕಂಪನಿದು, ಸ್ಮೋಕ್ ಡಿಟೆಕ್ಟರ್ ಇನ್ನೊಂದರದ್ದು, ಎಂಸಿಪಿ ಅಂದ್ರ ಗೋಡಿ ಮ್ಯಾಲಿನ ಕೆಂಪು ಡಬ್ಬಿ ಹಳೇ ಸಿಸ್ಟಮ್‌ದ್ದ ಉಳಿಸಿದ್ದು, ಹೂಟರ್ ಅಂದ್ರ ಕೂಗೂ ಭೋಂಗಾ ಲೋಕಲ್. ಎಲ್ಲಾ 24 ವೋಲ್ಟ್ ಐತ್ರಿ, ಎಲ್ಲಾ ಹೊಂದತಾವು ಅಂದ್ರು. ಬರೇ ವೋಲ್ಟೇಜ್ ಹೊಂದಿದ್ರ ಆಗೂದಿಲ್ಲ.

ಯಾಕಂದ್ರ ಝೋನ್ ವೈರಿನ ಕಟ್ಟಕಡೀಗೆ ಒಂದು ರೆಸಿಸ್ಟರ್ ಇರ್ತೈತಿ, ಎಂಡ್ ಆಫ್ ಲೈನ್ ಅಂತಾರ. ನಮ್ಮ ಪ್ಯಾನೆಲ್‌ಗೆ 4.7 ಕಿಲೋ ಓಮ್ ಬೇಕು. 24 ವೋಲ್ಟ್‌ಗೆ ಅದು ಸುಮಾರು 5 ಮಿಲಿ ಆಂಪ್ ಎಳೀತೈತಿ, ಪ್ಯಾನೆಲ್ ಅಷ್ಟು ಕರೆಂಟ್ ಕಂಡ್ರ ಲೈನ್ ಸರಿ ಐತಿ ಅಂತ ತಿಳೀತೈತಿ, ಏನೂ ಇಲ್ಲಂದ್ರ ವೈರ್ ಕಟ್ ಆಗೇತಿ, ಜಾಸ್ತಿ ಆದ್ರ ಬೆಂಕಿ, ಅದಕ್ಕೂ ಮಿತಿಮೀರಿ ಹೋದ್ರ ಶಾರ್ಟ್. ಇಷ್ಟ ಲೆಕ್ಕ. ಈಗ ನೋಡ್ರಿ, ಒಂದು ಝೋನ್‌ನ್ಯಾಗ ಮ್ಯಾಲಿಂದ ಮ್ಯಾಲೆ ಫಾಲ್ಟ್ ಬರ್ತಿತ್ತು, ಬಿಚ್ಚಿದ್ರ ರೆಸಿಸ್ಟರ್ ಮ್ಯಾಲೆ ಕಂದು ಕಪ್ಪು ಕಿತ್ತಳೆ ಪಟ್ಟಿ, ಅಂದ್ರ 10 ಕಿಲೋ, ಇರಬೇಕಾದ್ದು ಹಳದಿ ನೇರಳೆ ಕೆಂಪು. ಇನ್ನೊಂದು ಝೋನ್‌ನ್ಯಾಗ ನಡುವ ಜಾಯಿಂಟ್ ಹಾಕಿ ಲೈನ್ ಎರಡು ಕಡೆ ಒಡದು ಎರಡೂ ತುದೀಗೆ 10 ಕಿಲೋ ಕೂಡ್ಸಿದ್ರು. ಎರಡು ಸೇರಿ 5 ಕಿಲೋ ಆಗ್ತೈತಿ, ಪ್ಯಾನೆಲ್ ಸುಮ್ಮನ ಹಸಿರು ತೋರ್ಸ್ತಿತ್ತು. ಕನ್ವೆನ್ಷನಲ್ ಝೋನ್‌ನ್ಯಾಗ ಹಿಂಗ ಟೀ ಹೊಡ್ಯಾಕ, ಅಂದ್ರ ನಡುವ ಕವಲು ಒಡ್ಯಾಕ, ಬರೂದಿಲ್ಲ, ಒಂದ ಲೈನು, ಒಂದು ಡಿಟೆಕ್ಟರ್‌ನಿಂದ ಮತ್ತೊಂದಕ್ಕ ಹೋಗಿ ಕಡೀಗೆ ರೆಸಿಸ್ಟರ್.

ಇವೆಲ್ಲಕ್ಕಿಂತ ಹೊಟ್ಟಿ ಉರದದ್ದು ಹಿಂದಿನ ಗೋಡೌನ್ ಝೋನು. ರೆಸಿಸ್ಟರ್ ಕಡೇ ಡಿಟೆಕ್ಟರ್‌ನ್ಯಾಗ ಇರ್ಲೇ ಇಲ್ಲ, ಪ್ಯಾನೆಲ್ ಒಳಗ ಟರ್ಮಿನಲ್‌ಗೆ ಸಿಗಿಸಿದ್ರು. ಆ ಮ್ಯಾಲೆ ವೈರ್ ಇಲಿ ಕಡದ್ರೂ ಅಷ್ಟ, ಡಿಟೆಕ್ಟರ್ ಎಲ್ಲಾ ಬಿಚ್ಚಿ ಒಯ್ದ್ರೂ ಅಷ್ಟ, ಪ್ಯಾನೆಲ್‌ಗೆ ಗೊತ್ತ ಆಗೂದಿಲ್ಲ. ಮಂದಿ ಮಲಗೂ ಜಾಗಾ ಅದು. ಫಾಲ್ಟ್ ಬರ್ತೈತಿ ಅಂತ ಕಂಪ್ಲೇಂಟ್ ಮಾಡಿದ್ರ ಫಾಲ್ಟ್ ಹುಡುಕಬೇಕು, ಲೈಟ್ ಆರಿಸಿ ಹೋಗೂದಲ್ಲ. ನಿಮ್ಮ ಬಿಲ್ಡಿಂಗ್‌ನ್ಯಾಗ ಇವತ್ತ ಮಾಡ್ರಿ: ಪ್ರತಿ ಝೋನ್‌ನ ಕಡೇ ಡಿಟೆಕ್ಟರ್ ಕೂಡೂ ಬೇಸ್‌ನಿಂದ ಲೈನಿನ ಒಂದು ವೈರ್ ಬಿಚ್ಚಿ ನೋಡ್ರಿ, ಪ್ಯಾನೆಲ್ ಫಾಲ್ಟ್ ತೋರ್ಸ್ಲಿಲ್ಲಂದ್ರ ಆ ಝೋನ್ ನಂಬಬ್ಯಾಡ್ರಿ.

ಎಂಸಿಪಿ ಕಥಿ ಬ್ಯಾರೆ. ಹಳೇ ಡಬ್ಬಿ ಒತ್ತಿದ್ರ ಎರಡು ವೈರ್ ನೇರ ಕೂಡ್ತಾವು. ಹೊಸಾ ಪ್ಯಾನೆಲ್ ಅದನ್ನ ಬೆಂಕಿ ಅನ್ನೂದಿಲ್ಲ, ಶಾರ್ಟ್ ಫಾಲ್ಟ್ ಅಂತೈತಿ, ಹೂಟರ್ ಹೊಡ್ಯಾಂಗಿಲ್ಲ. ಒಳಗ ಸೀರೀಸ್‌ನ್ಯಾಗ ಒಂದು ರೆಸಿಸ್ಟರ್ ಬೇಕು, ಎಷ್ಟು ಅನ್ನೂದು ಪ್ಯಾನೆಲ್ ಮ್ಯಾನ್ಯುವಲ್‌ನ್ಯಾಗ ಇರ್ತೈತಿ, ನಮ್ದಕ್ಕ 470 ಓಮ್. ಹಾಕಿದ ಮ್ಯಾಲೆ ಸರಿ ಆತು. ಡಿಟೆಕ್ಟರ್‌ದೂ ಹಂಗ, ತಲಿ ಮ್ಯಾಲಿನ ಲೈಟ್ ಹತ್ತತಿತ್ತು ಆದ್ರ ಪ್ಯಾನೆಲ್ ಸುಮ್ಮನ ಇರ್ತಿತ್ತು, ಯಾಕಂದ್ರ ಆ ಡಿಟೆಕ್ಟರ್ ಎಳಿಯೂ ಕರೆಂಟ್ ಈ ಪ್ಯಾನೆಲ್‌ಗೆ ಸಾಲ್ತಿರ್ಲಿಲ್ಲ. ಪ್ಯಾನೆಲ್ ಕಂಪನಿ ಕಂಪ್ಯಾಟಿಬಿಲಿಟಿ ಲಿಸ್ಟ್ ಕೊಡ್ತೈತಿ, ಅದರಾಗ ಇರೂ ಮಾಡೆಲ್ ತರ್ಸಿ ಬದ್ಲಿ ಮಾಡಿದ್ವಿ.

ಹೂಟರ್ ಲೈನ್‌ನ್ಯಾಗ ಪ್ಯಾನೆಲ್ ಒಂದು ಛಲೋ ಕೆಲಸ ಮಾಡ್ತೈತಿ. ಸುಮ್ಮನ ಇದ್ದಾಗ ವೋಲ್ಟೇಜ್ ಉಲ್ಟಾ ಇಟ್ಟು ವೈರ್ ಚೆಕ್ ಮಾಡ್ತಿರ್ತೈತಿ, ಅಲಾರ್ಮ್ ಬಂದಾಗ ಪೋಲಾರಿಟಿ ತಿರುಗ್ಸಿ ಹೊಡಿಸ್ತೈತಿ. ಹೂಟರ್ ಒಳಗ ಡಯೋಡ್ (ಕರೆಂಟ್ ಒಂದ ದಿಕ್ಕಿಗೆ ಬಿಡೂದು) ಇಲ್ಲಂದ್ರ ಇದು ನಡ್ಯಾಂಗಿಲ್ಲ, ಲೋಕಲ್ ಹೂಟರ್ ಯಾವಾಗ್ಲೂ ಸಣ್ಣಗ ಕೊಂಯ್ ಅಂತಿತ್ತು. ಡಯೋಡ್ ಇರೂ ಹೂಟರ್ ಹಾಕಿದ್ರೂ ಪ್ಲಸ್ ಮೈನಸ್ ಅದಲು ಬದಲಾದ್ರ ಬೆಂಕಿ ಬಂದಾಗ ಅದು ಮೂಕ, ಅದಕ್ಕ ಒಂದೊಂದ ಹೊಡಿಸಿ ಕಿವೀಲೆ ಕೇಳಬೇಕು.

ಮಳಿಗಾಲದಾಗ ಅರ್ತ್ ಫಾಲ್ಟ್, ಅಂದ್ರ ವೈರಿನ ಕರೆಂಟ್ ನೆಲಕ್ಕ ಸೋರೂದು, ಬರ್ತಿತ್ತು, ಬಿಸಲು ಬಿದ್ರ ಹೋಗ್ತಿತ್ತು. ಎಲ್ಲಾ ಝೋನ್ ವೈರ್ ಬಿಚ್ಚಿ ಒಂದೊಂದ ಕೂಡ್ಸಿಕೋತ ಹೋದ್ರ ಯಾವ್ದು ಅಂತ ಸಿಗ್ತೈತಿ. ಪತ್ರಾಸ್ ಕೆಳಗಿನ ಜಂಕ್ಷನ್ ಬಾಕ್ಸ್‌ನ್ಯಾಗ ನೀರು ನಿಂತಿತ್ತು. ಕೆಲಸದ ಹುಡುಗಾ ಮೆಗ್ಗರ್ (ಜಾಸ್ತಿ ವೋಲ್ಟ್ ಬಿಟ್ಟು ವೈರಿನ ಇನ್ಸುಲೇಷನ್ ನೋಡೂ ಮೀಟರ್) ತಂದು ಹಚ್ಚಾಕ ಹೊಂಟಿದ್ದ, ನಿಲ್ಲಿಸಿದೆ. ಡಿಟೆಕ್ಟರ್ ಲೈನಿನ ಮ್ಯಾಲೆ ಇದ್ದಾಗ 500 ವೋಲ್ಟ್ ಬಿಟ್ರ ಎಲ್ಲಾ ಸುಟ್ಟು ಹೋಗ್ತಾವು, ಮಲ್ಟಿಮೀಟರ್ ಸಾಕು.

ಖಾರಪುಡಿ ರೂಮಿನ್ಯಾಗ ಸ್ಮೋಕ್ ಡಿಟೆಕ್ಟರ್ ಹಾಕಬ್ಯಾಡ್ರಿ, ಧೂಳಿಗೆ ಸುಮ್ಮ ಸುಮ್ಮನ ಹೊಡೀತೈತಿ, ಆಮ್ಯಾಲೆ ಮಂದಿ ಖರೇ ಅಲಾರ್ಮ್‌ನೂ ನಂಬೂದಿಲ್ಲ. ನಾವು ಹೀಟ್ ಡಿಟೆಕ್ಟರ್ ಹಾಕ್ಸೀವಿ, 57 ಡಿಗ್ರೀದು. ಬ್ಯಾಟರಿ 12 ವೋಲ್ಟ್ 7 ಎಎಚ್, ಎರಡು ಸೀರೀಸ್, ಮೇನ್ಸ್ ಬಂದ್ ಮಾಡಿ ಹೂಟರ್ ಹೊಡಿಸಿ ನೋಡಿದ್ರ ಮಾತ್ರ ಜೀವ ಐತೋ ಇಲ್ಲೋ ಗೊತ್ತಾಗ್ತೈತಿ.

ಪ್ಯಾನೆಲ್‌ಗೆ ಒಂದು ಸ್ಟಾರ್ ಕಡಿಮಿ ಯಾಕಂದ್ರ ಫಾಲ್ಟ್ ಯಾವ್ ಝೋನ್ ಅಂತ ಹೇಳ್ತೈತಿ, ಯಾವ್ ಡಿಟೆಕ್ಟರ್ ಅಂತ ಹೇಳೂದಿಲ್ಲ. ಅದು ಬೇಕಂದ್ರ ಅಡ್ರೆಸೇಬಲ್, ಅಂದ್ರ ಒಂದೊಂದು ಡಿಟೆಕ್ಟರ್‌ಗೂ ತನ್ನದ ನಂಬರ್ ಇರೂದು, ತಗೋರಿ, ಆದ್ರ ಅಲ್ಲಿ ಪ್ಯಾನೆಲ್‌ದೂ ಡಿಟೆಕ್ಟರ್‌ದೂ ಪ್ರೋಟೊಕಾಲ್ ಒಂದ ಇರಬೇಕು, ಇಲ್ಲಂದ್ರ ಅವು ಮಾತ ಆಡೂದಿಲ್ಲ.

ನಮ್ಮಲ್ಲಿ ಇನ್ನೂ ಒಂದು ಕೆಲಸ ಉಳದೈತಿ. ಹಿಂದಿನ ಗೋಡೌನ್ ಹೂಟರ್‌ಗೆ ಅರ್ಧ ಸ್ಕ್ವೇರ್ ಎಂಎಂ ವೈರ್ ಎಳದಾರ, 100 ಮೀಟರ್ ಹೋಗಿ ಬರೂದಕ್ಕ 7 ಓಮ್ ಮ್ಯಾಲೆ ಆಗ್ತೈತಿ, ಅರ್ಧ ಆಂಪ್‌ಗೆ ಮೂರೂವರಿ ವೋಲ್ಟ್ ಅಲ್ಲೇ ಹೋತು, ಬ್ಯಾಟರಿ ಮ್ಯಾಲೆ ನಡದಾಗ ದನಿ ಬೀಳ್ತೈತಿ. ಒಂದೂವರಿ ಸ್ಕ್ವೇರ್ ಹಾಕಿದ್ರ ಒಂದು ವೋಲ್ಟ್ ಚಿಲ್ಲರೆ ಅಷ್ಟ. ಕೇಬಲ್ ಬಂದೈತಿ, ಸೀಸನ್ ಮಾಲು ಒಳಗ ಬರೂದರಾಗ ಎಳಸ್ತೀವಿ.