ಪೋಲಿಂಗ್, ಸ್ನ್ಯಾಪ್‌ಶಾಟ್, ವೆಕ್ಟರ್ ಕ್ಲಾಕ್: ಮೂರನ್ನೂ ಓಡಿಸಿ ನೋಡಿದೆ

ವಿಜಯಪುರದ ಸುತ್ತಮುತ್ತ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್‌ಗಳಿವೆ. ಅಂಥ ಮೂರರ ಸ್ಟಾಕ್ ಮೂರು ಸರ್ವರ್‌ಗಳಲ್ಲಿದ್ದರೆ, ಒಟ್ಟು ಎಷ್ಟು ಬಾಕ್ಸ್ ಎಂದು ಹೇಳುವುದು ಸುಲಭ ಅಲ್ವಾ? ತಿಕೋಟಾ, ವಿಜಯಪುರ, ಬಾಗೇವಾಡಿ ಎಂದು ಹೆಸರಿಟ್ಟು ಮೂರು ಪುಟ್ಟ ಪ್ರೋಗ್ರಾಂ ಬರೆದು ಪರೀಕ್ಷೆಗೆ ಹಚ್ಚಿದೆ.

ಪೋಲಿಂಗ್ ಬರೆಯುವುದು ಸಲೀಸು. ಮಾನಿಟರ್ ಎಂಬ ಇನ್ನೊಂದು ಪ್ರೋಗ್ರಾಂ ಮೂರನ್ನೂ ಕೇಳಿ ಕೂಡಿಸುತ್ತದೆ, ಅಷ್ಟೇ. ಆದರೆ ತಿಕೋಟಾದಿಂದ 40 ಬಾಕ್ಸ್ ವಿಜಯಪುರಕ್ಕೆ ಹೋಗಬೇಕು ಅಂದುಕೊಳ್ಳಿ. ತಿಕೋಟಾ ಕಳೆಯುವ ಮೊದಲು, ವಿಜಯಪುರ ಕೂಡಿಸಿದ ಮೇಲೆ ಉತ್ತರ ಕೊಟ್ಟರೆ 40 ಎರಡು ಸಲ ಎಣಿಕೆ. ಉಲ್ಟಾ ಆದರೆ 40 ಮಾಯ! ಗಡಿಯಾರ ಹೊಂದಿಸಿದರೂ ಮೆಸೇಜ್ ದಾರಿಯಲ್ಲಿದ್ದಾಗ ಲೆಕ್ಕ ತಪ್ಪುತ್ತದೆ. ಸರ್ವರ್ ಎದ್ದಿದೆಯಾ, ಬಿದ್ದಿದೆಯಾ ಎಂದು ನೋಡಲು ಮಾತ್ರ ಇದು ಸಾಕು.

ಕಂಪ್ಯೂಟರ್ ವಿಜ್ಞಾನಿಗಳಾದ ಚಾಂಡಿ ಮತ್ತು ಲ್ಯಾಂಪೋರ್ಟ್ 1985ರಲ್ಲಿ ಪ್ರಕಟಿಸಿದ ಸ್ನ್ಯಾಪ್‌ಶಾಟ್ (ಎಲ್ಲ ಸರ್ವರ್‌ಗಳ ಲೆಕ್ಕವನ್ನು ಒಂದಕ್ಕೊಂದು ಹೊಂದುವಂತೆ ಹಿಡಿಯುವ ವಿಧಾನ) ಇಲ್ಲಿ ಕೈಹಿಡಿಯಿತು. ಮೂರು ಸರ್ವರ್‌ಗಳಲ್ಲಿ ಒಬ್ಬರು ತಮ್ಮ ಲೆಕ್ಕ ಬರೆದಿಟ್ಟು ಉಳಿದ ಎಲ್ಲರಿಗೂ ಮಾರ್ಕರ್ ಎಂಬ ಗುರುತಿನ ಮೆಸೇಜ್ ಕಳಿಸುತ್ತಾರೆ. ಮೊದಲ ಸಲ ಮಾರ್ಕರ್ ಸಿಕ್ಕವರೂ ಹಾಗೇ ಮಾಡುತ್ತಾರೆ. ಉಳಿದ ಪ್ರತಿ ದಾರಿಯಿಂದ ಮಾರ್ಕರ್ ಬರುವವರೆಗೆ, ಆ ದಾರಿಯಲ್ಲಿ ಬಂದ ಮೆಸೇಜ್‌ಗಳನ್ನು ಬರೆದಿಡಬೇಕು. ಮೂವರಿಗೆ ಒಟ್ಟು 6 ಮಾರ್ಕರ್. ವ್ಯವಹಾರ ನಿಲ್ಲಿಸಬೇಕಿಲ್ಲ. ದಾರಿಯಲ್ಲಿದ್ದ 40 ದಾರಿಯ ಲೆಕ್ಕದಲ್ಲೇ ಸಿಕ್ಕಿತು. ಕಳಿಸಿದ ಕ್ರಮದಲ್ಲೇ ಮೆಸೇಜ್ ತಲುಪಬೇಕು ಎಂಬ ಷರತ್ತಿದೆ. ಬೇಕಂತಲೇ ಕ್ರಮ ಕೆಡಿಸಿ ನೋಡಿದೆ, ಮೊತ್ತ ಕೆಟ್ಟಿತು. ಕ್ರಮ ಕಾಯುವ ಟಿಸಿಪಿ ಕನೆಕ್ಷನ್‌ನಲ್ಲಿ ಆ ಚಿಂತೆಯಿಲ್ಲ.

ಒಂದೇ ಲಾಟ್‌ಗೆ ಎರಡು ಕಡೆ ಒಟ್ಟಿಗೆ ಲಾಕ್ (ಬೇರೆಯವರು ಮುಟ್ಟದಂತೆ ಹಾಕುವ ತಡೆ) ಬಿತ್ತಾ? ಇದು ಬೇರೆ ಪ್ರಶ್ನೆ. ಡೆಡ್‌ಲಾಕ್ (ಒಬ್ಬರಿಗಾಗಿ ಇನ್ನೊಬ್ಬರು ಕಾದು ಎಲ್ಲರೂ ನಿಂತುಬಿಡುವುದು) ಥರ ಬಂದರೆ ಬಿಡದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಹಿಡಿಯುತ್ತದೆ. ಬಂದು ಹೋಗುವಂಥದ್ದು ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ನುಸುಳಿಬಿಡುತ್ತದೆ.

ಅಲ್ಲಿಗೆ ವೆಕ್ಟರ್ ಕ್ಲಾಕ್ ಬೇಕು. ಪ್ರತಿ ಮೆಸೇಜ್ ಜೊತೆ ಮೂರು ಎಣಿಕೆ ಹೋಗುತ್ತವೆ: ಒಂದೊಂದು ಸರ್ವರ್‌ನಲ್ಲಿ ಎಷ್ಟು ಘಟನೆ ಆಗಿವೆ ಎಂದು ಕಳಿಸುವವರಿಗೆ ಗೊತ್ತಿರುವ ಲೆಕ್ಕ. ತಿಕೋಟಾದ ಲಾಕ್ 5,2,0 ಮತ್ತು ವಿಜಯಪುರದ್ದು 3,4,1 ಎಂದು ಬಂತು. ಮೊದಲ ಎಣಿಕೆ ತಿಕೋಟಾದಲ್ಲಿ ದೊಡ್ಡದು, ಎರಡನೆಯದು ವಿಜಯಪುರದಲ್ಲಿ; ಹಾಗಾಗಿ ಯಾವುದು ಮೊದಲು ಎಂದು ಹೇಳಲಾಗದು, ಅಂದರೆ ಎರಡೂ ಒಟ್ಟಿಗೆ ಇದ್ದಿರಬಹುದು. ಈ ‘ಆಗಿರಬಹುದು’ ಮತ್ತು ‘ಆಗಿಯೇ ಆಗಿದೆ’ ಎಂಬ ಎರಡು ಬಗೆಯ ಉತ್ತರವನ್ನು 1991ರಲ್ಲಿ ಕೂಪರ್ ಮತ್ತು ಮಾರ್ಜುಲ್ಲೊ ಬೇರ್ಪಡಿಸಿದರು. ಸುಮ್ನೆ ಬರುವುದಿಲ್ಲ ಇದು: ಮೂವರಲ್ಲಿ ತಲಾ 100 ಘಟನೆ ಇದ್ದರೆ ನೋಡಬೇಕಾದ ಸ್ಥಿತಿಗಳು (ಮೂವರೂ ಯಾವ್ಯಾವ ಹಂತದಲ್ಲಿರಬಹುದು ಎಂಬ ಜೋಡಣೆಗಳು) 10 ಲಕ್ಷ ದಾಟಬಹುದು. ನನ್ನ ಲ್ಯಾಪ್‌ಟಾಪ್ ಫ್ಯಾನ್ ಜಾಸ್ತಿಯೇ ಕೂಗಿತು. ಆದರೆ ‘ಇಲ್ಲೂ ಲಾಕ್, ಅಲ್ಲೂ ಲಾಕ್’ ಥರದ ಷರತ್ತಿಗೆ ಗರ್ಗ್ ಮತ್ತು ವಾಲ್ಡೆಕರ್ 1994ರಲ್ಲಿ ಕೊಟ್ಟ ವಿಧಾನವಿದೆ. ಅದು ಎಲ್ಲ ಸ್ಥಿತಿ ಜಾಲಾಡುವುದಿಲ್ಲ. ಲಾಕ್ ಕಾಯಲು ಈಗ ಅದನ್ನೇ ಇಟ್ಟಿದ್ದೇನೆ.